ಗಣಿತದ ಅವಧಿಯಲ್ಲಿ ಮಕ್ಕಳು ಮಾತಾಡಲಿ

ಮಾನ್ಯರೇ,

ಗಣಿತದ ಅವಧಿಯಲ್ಲಿ ತರಗತಿ ನಿಶ್ಶಬ್ದವಾಗಿದ್ದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯುವ ರೂಢಿ ನಮ್ಮ ದಾವಣಗೆರೆ ಕಡೆಯ ಶಾಲೆಗಳಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಇನ್ನೂ ಉಳಿದಿದೆ. ಗಣಿತವೆಂದರೆ ಮಕ್ಕಳು ತಮ್ಮತಮ್ಮಲ್ಲಿ ಚರ್ಚಿಸಿ, ಕೂಡಿ ಬಿಡಿಸುವ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ, ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಮಕ್ಕಳು ಕೂರುವುದು ಗುಂಪಿನಲ್ಲೇ. ಆದರೆ ಲೆಕ್ಕ ಮಾಡುವುದು ಬಹುತೇಕ ಒಬ್ಬೊಬ್ಬರೇ, ತುಟಿ ಬಿಚ್ಚದೆ.

52ರಲ್ಲಿ 27 ಕಳೆಯಲು ಎರಡನೇ ತರಗತಿಯ ಮಕ್ಕಳಿಗೆ ಹೇಳಿ ನೋಡಿ. ಬಿಡಿಸ್ಥಾನದ ಎರಡರಲ್ಲಿ ಏಳು ಹೋಗದೆಂದು ಏಳರಲ್ಲೇ ಎರಡನ್ನು ಕಳೆದು 35 ಎಂದು ಬರೆಯುವವರು ಇದ್ದೇ ಇರುತ್ತಾರೆ. ಅದರ ಮೇಲೆ ಕೆಂಪು ಗೆರೆ ಎಳೆದರೆ ಮಗು ಹಾಗೇಕೆ ಯೋಚಿಸಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಪಕ್ಕದ ಹುಡುಗಿ, 'ಇಪ್ಪತ್ತೇಳಕ್ಕೆ ಮೂರು ಸೇರಿಸಿದ್ರೆ ಮೂವತ್ತು, ಅಲ್ಲಿಂದ ಐವತ್ತಕ್ಕೆ ಇಪ್ಪತ್ತು, ಮೇಲೆ ಎರಡು, ಒಟ್ಟು ಇಪ್ಪತ್ತೈದು. ನಿಂಗೆ ಮೂವತ್ತೈದು ಹೆಂಗ್ ಬಂತು?' ಎಂದು ಕೇಳಿದಳೆನ್ನಿ, ಇಬ್ಬರೂ ತಾವು ಲೆಕ್ಕ ಮಾಡಿದ ಬಗೆಯನ್ನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ, ಹೇಳುತ್ತಿರುವಾಗಲೇ ಎಲ್ಲಿ ಎಡವಿದ್ದೇವೆಂಬುದು ಹೇಳುವವರಿಗೇ ಹೊಳೆಯುವುದೂ ಉಂಟು.

ಒಬ್ಬ ಜಾಣ ಹೇಳಿದ್ದನ್ನು ಉಳಿದವರು ನಕಲು ಮಾಡುತ್ತಾರೆಂಬ ಆಕ್ಷೇಪ ಸುಳ್ಳಲ್ಲ. ಉತ್ತರವನ್ನಷ್ಟೇ ಕೇಳುವ ಲೆಕ್ಕ ಕೊಟ್ಟರೆ ಹಾಗೆಯೇ ಆಗುತ್ತದೆ. ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಯ ದರ ಬರೆದು, ಐವತ್ತು ರೂಪಾಯಿಗೆ ಎರಡನ್ನೂ ಎಷ್ಟೆಷ್ಟು ಕೊಳ್ಳಬಹುದೆಂದು ಕೇಳಿದರೆ ಸರಿಯುತ್ತರಗಳು ಹಲವು (ಬಜ್ಜಿಯ ಲೆಕ್ಕದಲ್ಲಿ ನಮ್ಮೂರ ಮಕ್ಕಳನ್ನು ಸೋಲಿಸುವುದು ಕಷ್ಟ). ತನ್ನ ಉತ್ತರವನ್ನಲ್ಲದೆ ಜೊತೆಗಾರ ಯೋಚಿಸಿದ ಕ್ರಮವನ್ನೂ ಎದ್ದುನಿಂತು ವಿವರಿಸಬೇಕೆಂಬ ನಿಯಮವಿದ್ದರೆ, ಕೇಳಿಸಿಕೊಳ್ಳದೆ ಗತ್ಯಂತರವಿಲ್ಲ.

ಆ ಮಾತು ಕನ್ನಡವೋ ಉರ್ದುವೋ ಲಂಬಾಣಿಯೋ, ಮಗುವಿಗೆ ಬಂದ ಭಾಷೆಯಲ್ಲಿರಲಿ. ಇಂಗ್ಲಿಷ್ ಮಾಧ್ಯಮದ ವಿಭಾಗಗಳಲ್ಲಿ ಎಷ್ಟೋ ಮಕ್ಕಳು ಸುಮ್ಮನಿರುವುದು ಲೆಕ್ಕ ಬಾರದೆ ಅಲ್ಲ.

ಶಾಲೆಗೆ ಭೇಟಿ ನೀಡುವ ಅಧಿಕಾರಿಗಳು ಗದ್ದಲವನ್ನು ದೋಷವೆಂದು ಬರೆಯುವ ಮೊದಲು ಮಕ್ಕಳ ಪಕ್ಕ ಕುಳಿತು, ಅವರು ಏನು ಮಾತಾಡುತ್ತಿದ್ದಾರೆಂದು ಕೇಳಿಸಿಕೊಳ್ಳಬೇಕು. ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಭೆಗಳಲ್ಲಿ ಇಂಥ ಪ್ರಶ್ನೆಗಳನ್ನು ಶಿಕ್ಷಕರೇ ಕೂಡಿ ರೂಪಿಸಲು ಸಮಯ ಕೊಡಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ದಾವಣಗೆರೆ