ಗೊರಕೆ ಹೊಡೆದ ಅಕ್ಕನಿಗೆ

ಮೊನ್ನೆ ರಿಸಲ್ಟ್ ಬಂತು. 47ನೇ ವಯಸ್ಸಿಗೆ ನನ್ನ ಎಂ.ಎ. ಅಂತೂ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಸರಿಯಾಗಿ ಮಾತಾಡೋಕೂ ಆಗಲಿಲ್ಲ, ಅದಕ್ಕೇ ಈ ಬರಹ.

ಭಾನುವಾರದ ಆನ್‌ಲೈನ್ ಕ್ಲಾಸಿನ ಹೊತ್ತಿಗೆ ಕುಕ್ಕರ್ ಕೂಗದಂತೆ ನೋಡಿಕೊಂಡ ಮನೆಯವರಿಗೆ, ನೆಟ್ ಹೋದಾಗಲೆಲ್ಲ ಹಾಟ್‌ಸ್ಪಾಟ್ ಕೊಟ್ಟ ಮಗಳಿಗೆ, ಪರೀಕ್ಷೆಗೆ ರಜೆ ಹೊಂದಿಸಿಕೊಟ್ಟ ಆಫೀಸಿನವರಿಗೆ, ಆಸ್ಪತ್ರೆಗೆ ಡಬ್ಬಿ ಕಳಿಸಿದ ಪಕ್ಕದ ಮನೆ ಆಂಟಿಗೆ, ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಮೇಷ್ಟ್ರಿಗೂ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಏಜಾಕ್ಸ್’ ಪಾಠದ ದಿನ, ಬಿ.ಎಂ.ಶ್ರೀ. ಅದೇ ನಾಟಕದ ಜಾಡು ಹಿಡಿದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು ಎಂದು ಹೇಳಿ, ಮೈಮರೆತು ಸಾಲುಗಳನ್ನು ಓದಿದರು. ಮ್ಯೂಟ್ ಆಗಿತ್ತು. ನಾವ್ಯಾರೂ ಹೇಳಲಿಲ್ಲ. ಮುಖ ನೋಡಿದರೇ ಸಾಕಿತ್ತು.

ಉಳಿದದ್ದೆಲ್ಲ ಶಿರಸಿ ಅಕ್ಕನಿಗೆ.

ನಮ್ಮ ಬ್ಯಾಚಿನವರೇ, ರಿಟೈರ್ ಆದ ಹೈಸ್ಕೂಲ್ ಟೀಚರ್. ಇವತ್ತಿನವರೆಗೂ ಅವರನ್ನು ಎದುರಿಗೆ ನೋಡಿಲ್ಲ. ಅರ್ಧ ಹಣೆ, ಕನ್ನಡಕ, ಹಿಂದೆ ಅಡಿಕೆ ಚೀಲ. ಪರದೆಯ ಮೇಲೆ ನನಗೆ ಕಂಡಿದ್ದು ಇಷ್ಟೇ. ಪರಿಚಯ ಆಗಿದ್ದೇ ಜಗಳದಿಂದ.

ಜಗಳ ಟಾಲ್‌ಸ್ಟಾಯ್ ಮೇಲೆ. ‘ಇವಾನ್ ಇಲಿಚ್‌ನ ಸಾವು’, 1886ರಲ್ಲಿ ಅಚ್ಚಾದ ಸಣ್ಣ ಕಾದಂಬರಿ. ಇವಾನ್ ತೀರಿಕೊಂಡ ಸುದ್ದಿ ಓದಿದ ಸಹೋದ್ಯೋಗಿಗಳಿಗೆ ಮೊದಲು ಹೊಳೆಯೋದು ಅವನ ಕುರ್ಚಿ ಯಾರಿಗೆ, ಯಾರಿಗೆ ಪ್ರಮೋಷನ್ ಅನ್ನೋ ಲೆಕ್ಕ. 20 ವರ್ಷ ಆಫೀಸಿನಲ್ಲಿ ಕೂತ ನನಗೆ ಅದರಲ್ಲಿ ಅನುಮಾನ ಬರಲಿಲ್ಲ. ಅನುಮಾನ ಬಂದಿದ್ದು ಗೆರಾಸಿಮ್ ಮೇಲೆ. ಹಳ್ಳಿಯಿಂದ ಬಂದ ಆಳು ಹುಡುಗ. ಕಾಲು ಎತ್ತಿ ಹಿಡಿದರೆ ಯಜಮಾನನಿಗೆ ನೋವು ಕಡಿಮೆ ಅನಿಸುತ್ತದೆ ಅಂತ ಆ ಕಾಲುಗಳನ್ನು ಹೆಗಲ ಮೇಲೆ ಹೊತ್ತು ರಾತ್ರಿಯಿಡೀ ಕೂರುತ್ತಾನೆ. “ಇದು ಜಮೀನ್ದಾರರ ಆಸೆ ಅಷ್ಟೇ. ಸುಸ್ತಾಗದ ಆಳು ಎಲ್ಲಿ ಸಿಗ್ತಾನೆ?” ಅಂದೆ. ಅಕ್ಕ ಮ್ಯೂಟ್ ತೆಗೆದು, “ನೀನು ಯಾರ ಹತ್ರಾನೂ ಸೇವೆ ಮಾಡಿಸ್ಕೊಂಡಿಲ್ಲ ಕಾಣ್ತದೆ ತಂಗೀ” ಅಂದರು. ಸಿಟ್ಟು ಬಂತು. ಎರಡು ವಾರ ಬಿಡದೆ ಕಿತ್ತಾಡಿದೆವು.

ಅದರ ಮೇಲಿನ ಬರಹ ಕಳಿಸಬೇಕಿದ್ದ ಕೊನೆಯ ದಿನವೇ ಅಪ್ಪ ಐಸಿಯು ಸೇರಿದ್ದು. ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬೇಡ. ರಾತ್ರಿ 11ಕ್ಕೆ ಐದು ನಿಮಿಷ ಒಳಗೆ ಬಿಟ್ಟರು. ಅಪ್ಪ ಕಣ್ಣು ಬಿಟ್ಟು, “ಕಾಲು ಸ್ವಲ್ಪ ಒತ್ತಮ್ಮ” ಅಂದರು. ಚಿಕ್ಕಂದಿನಿಂದ ಒತ್ತಿದ ಕಾಲು. ಊದಿಕೊಂಡು ಹೊಳೆಯುತ್ತಿತ್ತು. ಎಲ್ಲಿ ನೋಡಿದರೂ ವೈರು, ಟ್ಯೂಬು. ನಾನು ಮುಟ್ಟಲಿಲ್ಲ. ಹೆದರಿಕೆಯಾಯಿತು. “ಬೆಳಿಗ್ಗೆ ಒತ್ತುತ್ತೀನಪ್ಪ” ಅಂದು ಹೊರಗೆ ಬಂದುಬಿಟ್ಟೆ.

ಇದನ್ನು ಮನೆಯವರಿಗೂ ಹೇಳಿರಲಿಲ್ಲ. ಇಲ್ಲೇ ಓದಿಕೊಳ್ಳಲಿ.

ಅಕ್ಕ ಫೋನ್ ಮಾಡಿದ್ದು ಬೈಯೋಕೆ. “ಹನ್ನೆರಡಕ್ಕೆ ಹತ್ತು ನಿಮಿಷ ಇದೆ, ಇನ್ನೂ ಕಳಿಸಿಲ್ಲ. ಜಗಳ ಬಿಟ್ಟು ಓಡಿದ್ಯಾ?” ನಾನು ಕಾಲಿನ ವಿಷಯ ಹೇಳಿದೆ. ಸಮಾಧಾನದ ಮಾತು ಒಂದೂ ಬರಲಿಲ್ಲ. “ಹ್ಞೂಂ” ಅಂದರು. ಸ್ವಲ್ಪ ಹೊತ್ತಾದ ಮೇಲೆ, “ಚಾರ್ಜ್ ಎಷ್ಟಿದೆ?”

ಅಲ್ಲಿದ್ದದ್ದು ಒಂದೇ ಪ್ಲಗ್, ನೀರಿನ ಫಿಲ್ಟರ್ ಕೆಳಗೆ. ಚಾರ್ಜರ್ ವೈರು ಎರಡು ಮೊಳ. ಒದ್ದೆ ನೆಲದ ಮೇಲೆ ಟವೆಲ್ ಹಾಸಿ ಕತ್ತು ಓರೆ ಮಾಡಿ ಕೂತೆ. ಅಕ್ಕ ಸುಮ್ನೆ ಮಾತಾಡುತ್ತಾ ಹೋದರು. ಅಡಿಕೆ ಕೊನೆ ಕೊಯ್ಲಿಗೆ ಜನ ಸಿಗದ್ದು, ಮಂಗ ಬಾಳೆಗೊನೆ ತಿಂದದ್ದು, ಅತ್ತೆ ಹಾಸಿಗೆ ಹಿಡಿದ ನಾಲ್ಕು ವರ್ಷ. ಸಾಹಿತ್ಯದ ಒಂದಕ್ಷರ ಇಲ್ಲ. ಎರಡೂವರೆ ಹೊತ್ತಿಗೆ ಮಾತು ನಿಂತು ಗೊರಕೆ ಕೇಳಿಸಿತು. ಕಟ್ ಮಾಡಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ನಾನು “ಅಕ್ಕಾ” ಅನ್ನೋದು, ಅವರು ಬೆಚ್ಚಿಬಿದ್ದು “ಇದೀನಿ, ಹೇಳು” ಅನ್ನೋದು, ಮತ್ತೆ ಗೊರಕೆ. ಐದೂಮುಕ್ಕಾಲರ ತನಕ ಹೀಗೇ. ಫೋನು ಕಾವಲಿಯ ಹಾಗೆ ಕಾದಿತ್ತು.

ಅಪ್ಪ ಆ ರಾತ್ರಿ ದಾಟಿದರು. ಬೆಳಿಗ್ಗೆ ನರ್ಸ್ ಹತ್ತಿರ ಕೇಳಿಕೊಂಡು ಕಾಲು ಒತ್ತಿದೆ, ಮೆತ್ತಗೆ. ಆಮೇಲಿನ ಒಂಬತ್ತು ದಿನ ನಿಮಗೂ ಗೊತ್ತಿದೆ.

ಮೂರು ತಿಂಗಳು ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆ ಬಂತು ಅಂತ ತೆಗೆದರೆ, ಒಂಬತ್ತನೇ ಅಧ್ಯಾಯದಲ್ಲಿ ಒಂದು ಸಾಲು. ಇವಾನ್‌ಗೆ ಎಚ್ಚರವಾದಾಗ ಗೆರಾಸಿಮ್ ಹಾಸಿಗೆಯ ಕಾಲ ಕಡೆ ಕೂತು ತೂಕಡಿಸುತ್ತಿದ್ದಾನೆ. ಯಜಮಾನನ ಕಾಲು ಮಾತ್ರ ಹೆಗಲ ಮೇಲೆಯೇ ಇದೆ. ಹೋಗು ಅಂದರೆ, ಪರವಾಗಿಲ್ಲ ಕೂತಿರ್ತೀನಿ ಅನ್ನುತ್ತಾನೆ. ಎರಡು ಸಲ ಓದಿ, ಕ್ಲಾಸಿನಲ್ಲಿ ಅಷ್ಟು ಜೋರಾಗಿ ವಾದ ಮಾಡಿದವಳು ನಾನು. ಆ ತೂಕಡಿಕೆ ಕಣ್ಣಿಗೇ ಬಿದ್ದಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ‘ಶಿರಸಿ’ ಅಂತ ಬರೆದಿಟ್ಟೆ.

ಅಕ್ಕಾ, ನಿಮಗೆ ನನಗಿಂತ 11 ಮಾರ್ಕ್ಸ್ ಜಾಸ್ತಿ ಬಂದಿದೆ, ನೋಡಿದೆ. ದಸರಾ ರಜೆಗೆ ಶಿರಸಿ ಬಸ್ ಬುಕ್ ಮಾಡಿದ್ದೀನಿ. ಗೊರಕೆ ಹೊಡೆದೇ ಇಲ್ಲ ಅಂತ ಇನ್ನೂ ವಾದ ಮಾಡೋದಿದ್ದರೆ ಜಗಲಿ ಮೇಲೆ ಕೂತು ಮಾಡೋಣ.