ಅಪ್ಪನ ನಿವೃತ್ತಿಗೆ ಬಂದು ಹಾರೈಸಿದವರಿಗೆ

ಕಳೆದ ಭಾನುವಾರ ಮಾಟುಂಗದ ಹಾಲ್‌ಗೆ ಬಂದು ಅಪ್ಪನಿಗೆ ಶಾಲು ಹೊದಿಸಿ, ಊಟ ಮಾಡಿ, ಆಮೇಲೆ ಎರಡು ಗಂಟೆಗೂ ಮೀರಿ ಕೂತು ಒಂದು ಕೊರಿಯನ್ ಸಿನಿಮಾ ಸಹ ನೋಡಿದಿರಲ್ಲ, ನಿಮಗೆಲ್ಲ ನಮ್ಮ ಮನೆಯವರ ನಮಸ್ಕಾರ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು ಅಂತ ಅವ್ವ ಪಟ್ಟಿ ಹಿಡಿದು ಕೂತಿದ್ದಾಳೆ. ಅದು ಸದ್ಯಕ್ಕೆ ಮುಗಿಯುವ ಲಕ್ಷಣ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜ ಅಥಣಿಯಿಂದ ಪರೇಲ್‌ನ ಮಿಲ್ಲಿಗೆ ಬಂದವರು. ಅಪ್ಪ ಇಲ್ಲೇ ಬೆಳೆದು, ಮುಂಬೈ ಪೊಲೀಸ್‌ನಲ್ಲಿ ಶಿಪಾಯಿಯಾಗಿ ಸೇರಿ, ಹವಾಲ್ದಾರರಾಗಿ, ಬಹಳ ವರ್ಷ ಅಪರಾಧ ಪತ್ತೆ ಹಚ್ಚುವ ಡಿಟೆಕ್ಷನ್ ಸ್ಟಾಫ್‌ನಲ್ಲಿ ತಿರುಗಿ, 58 ತುಂಬಿದಾಗ ಎಎಸ್‌ಐ ಆಗಿ ಹೊರಬಂದರು. ನಿವೃತ್ತಿಯ ಭಾಷಣಗಳು ಹೇಗಿರುತ್ತವೆ ನಿಮಗೆ ಗೊತ್ತಲ್ಲ: ಇಷ್ಟು ಕಳ್ಳರನ್ನು ಹಿಡಿದರು, ಇಷ್ಟು ಬಕ್ಷೀಸು ಬಂತು. ಅಪ್ಪನಿಗೆ ಅದು ಬೇಡವಾಗಿತ್ತು. ಆಗ ಕಾಕಾನ ಮಗ, ಭಾಷಣ ಬಿಟ್ಟು ಸಿನಿಮಾ ಹಾಕೋಣ ಅಂದ. ಪೊಲೀಸ್ ಸಿನಿಮಾ ಹಚ್ಚಿದರೆ ಎದ್ದು ಹೋಗುವ ಮನುಷ್ಯನಿಗೆ ಪೊಲೀಸ್ ಸಿನಿಮಾ! ನಾನಂತೂ ಬೇಡ ಅಂದೆ. ಅವನು ಕೇಳಲಿಲ್ಲ, ಒಳ್ಳೆಯದೇ ಆಯಿತು.

ಅವನು ತಂದದ್ದು ಬಾಂಗ್ ಜೂನ್-ಹೋ ನಿರ್ದೇಶಿಸಿದ, 2003ರ ‘ಮೆಮರೀಸ್ ಆಫ್ ಮರ್ಡರ್’. 1986ರಿಂದ 1991ರ ತನಕ ದಕ್ಷಿಣ ಕೊರಿಯಾದ ಹ್ವಾಸಂಗ್ ಸೀಮೆಯಲ್ಲಿ ಒಂದರ ಮೇಲೊಂದು ನಡೆದ ಹೆಂಗಸರ ಕೊಲೆಗಳ ಕಥೆ. ಸಿನಿಮಾ ಬಂದಾಗ ಕೊಲೆಗಾರ ಯಾರೆಂದು ಪತ್ತೆಯಾಗಿರಲಿಲ್ಲ. ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು. ಪರದೆಯ ಪಕ್ಕ ನಿಂತು ಯಕ್ಷಗಾನದ ಭಾಗವತನ ಹಾಗೆ ಪೂರ್ತಿ ಸಿನಿಮಾವನ್ನು ಕನ್ನಡದಲ್ಲಿ ಹೇಳಿದವನೂ ಅವನೇ. ಅಪ್ಪನ ಮರಾಠಿ ಗೆಳೆಯರು ನಡುನಡುವೆ "ಕಾಯ್ ಮ್ಹಣಾಲಾ?" (ಏನಂದ?) ಅಂತ ಕೇಳಿದಾಗಲೂ ಬೇಸರಪಡಲಿಲ್ಲ, ಗಂಟಲು ಕಟ್ಟಿತು ಅಷ್ಟೇ. ಮಕ್ಕಳನ್ನೆಲ್ಲ ಫೈವ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋದ ಚಿಕ್ಕಮ್ಮನಿಗೂ ಇಲ್ಲೇ ಧನ್ಯವಾದ ಹೇಳಿಬಿಡುತ್ತೇನೆ. ಅದು ಮಕ್ಕಳು ನೋಡುವ ಸಿನಿಮಾ ಅಲ್ಲ.

ಶುರುವಿನಲ್ಲೇ ಒಂದು ಕಡೆ, ಸಿಕ್ಕಿದ್ದ ಒಂದೇ ಒಂದು ಹೆಜ್ಜೆ ಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಮುಂದಿನ ಸಾಲಿನಲ್ಲಿದ್ದ ನಿವೃತ್ತರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಅಂದರು. ಒಬ್ಬ ಪೊಲೀಸ್ ತನ್ನ ಬೂಟಿಗೆ ಬಟ್ಟೆಯ ಗವಸು ತೊಡಿಸಿಕೊಂಡು ಸಿಕ್ಕವನನ್ನು ಒದೆಯುವಾಗ ಮಾತ್ರ ಆ ಸಾಲಿನಲ್ಲಿ ಯಾರದೂ ದನಿಯಿಲ್ಲ. ಆಮೇಲೆ ಚಹಾ ಕುಡಿಯುತ್ತ ಅಪ್ಪ ಹೇಳಿದ್ದು: "ಪೊಲೀಸರ ಮುಂದ ಒಪ್ಕೊಂಡದ್ದು ನಮ್ಮ ಕೋರ್ಟ್‌ನ್ಯಾಗ ನಿಲ್ಲಂಗಿಲ್ಲ. ನಿಲ್ಲಬಾರದು." ಅಲ್ಲಿಯ ನಿಜವಾದ ಕೇಸಿನಲ್ಲಿ ಅದು ನಿಂತುಬಿಟ್ಟಿತ್ತು. ಆ ಕೊಲೆಗಳಲ್ಲಿ ಒಂದಕ್ಕೆ ಸಂಬಂಧವೇ ಇಲ್ಲದ ಒಬ್ಬ ಮನುಷ್ಯ 20 ವರ್ಷ ಜೈಲಿನಲ್ಲಿ ಕಳೆದ. ನಿಜವಾದ ಕೊಲೆಗಾರ ಡಿಎನ್‌ಎ ಮೂಲಕ ಪತ್ತೆಯಾದದ್ದು 2019ರಲ್ಲಿ. ಆತ ಬೇರೊಂದು ಕೊಲೆಗೆ ಆಗಲೇ ಜೀವಾವಧಿ ಅನುಭವಿಸುತ್ತಿದ್ದ. ಹ್ವಾಸಂಗ್ ಕೊಲೆಗಳಿಗೆ ಅಲ್ಲಿನ ಕಾನೂನಿನ ಗಡುವು ಮುಗಿದುಹೋಗಿತ್ತು, ಅವುಗಳ ಮೇಲೆ ಶಿಕ್ಷೆ ಕೊಡುವ ಹಾಗಿರಲಿಲ್ಲ. ಮುಗ್ಧನಿಗೆ ಖುಲಾಸೆ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ.

ನಮ್ಮಲ್ಲಿ ಕೊಲೆಗೆ ಅಂಥ ಗಡುವಿಲ್ಲ. ಮಹಾರಾಷ್ಟ್ರದಲ್ಲಿ ಇಂಥ ಕೇಸಿಗೆ ‘ಎ ಸಮರಿ’ ಹಾಕುತ್ತಾರೆ: ಅಪರಾಧ ನಡೆದದ್ದು ನಿಜ, ಮಾಡಿದವರು ಸಿಕ್ಕಿಲ್ಲ. ಹೊಸ ಸಾಕ್ಷಿ ಸಿಕ್ಕರೆ ಮತ್ತೆ ತೆರೆಯಬಹುದು. ಅಪ್ಪನ ಕೈಯಲ್ಲೂ ಅಂಥದೊಂದು ಇತ್ತು. ಬಂದರಿನ ಕಡೆಯ ಗೋದಾಮಿನ ಹತ್ತಿರ ರಾತ್ರಿ ಕೊಲೆಯಾದ ಒಬ್ಬ ಹಮಾಲ, ಕಲಬುರಗಿ ಕಡೆಯ ಹುಡುಗ. ಠಾಣೆಯಲ್ಲಿ ಕನ್ನಡ ಬರುತ್ತಿದ್ದದ್ದು ಅಪ್ಪನಿಗೊಬ್ಬರಿಗೇ ಆದ್ದರಿಂದ ಊರಿಗೆ ಸುದ್ದಿ ಮುಟ್ಟಿಸಿದ್ದು, ತಾಯಿಯ ಜವಾಬು ಬರೆದುಕೊಂಡದ್ದು ಎಲ್ಲ ಅವರೇ. ಬೇರೆ ಠಾಣೆಗೆ ಬದಲಿಯಾದ ಮೇಲೂ ಪ್ರತಿವರ್ಷ ಪಂಚಮಿಯ ಆಸುಪಾಸು ಆ ತಾಯಿಯ ಫೋನ್ ಬರುತ್ತಿತ್ತು. "ಸಾಹೇಬ್ರ, ಏನರ ಸುಳುವು ಸಿಕ್ತೇನ್ರೀ?" ಇಷ್ಟೇ. ಆ ದಿನ ಅಪ್ಪ ಊಟಕ್ಕೆ ಕೂತರೂ ತಾಟಿನಲ್ಲಿ ಅನ್ನ ಹಾಗೇ ಇರುತ್ತಿತ್ತು. ನಾವು ಕೇಳುತ್ತಿರಲಿಲ್ಲ.

ಭಾನುವಾರ ಆ ಹುಡುಗನ ತಮ್ಮ ಭಿವಂಡಿಯಿಂದ ಬಂದಿದ್ದರು. ಅವರನ್ನು ಹುಡುಕಿ ಕರೆಸಿದ್ದು ಅಪ್ಪನ ಹಳೆಯ ಜೋಡಿದಾರ. ನಮಗೆ ಯಾರಿಗೂ ಗೊತ್ತಿರಲಿಲ್ಲ. ತಾಯಿ ಕಳಿಸಿದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ಬಿಳಿ ಧೋತರದ ತುಂಡಿನಲ್ಲಿ ಕಟ್ಟಿ ತಂದಿದ್ದರು. ರೊಟ್ಟಿ ರೈಲಿನ ಗದ್ದಲದಲ್ಲಿ ಚೂರಾಗಿತ್ತು. ಅಪ್ಪ ಮೈಕು ಹಿಡಿದು, ಸಿಕ್ಕ ಕೇಸುಗಳ ಬದಲು ಈ ಒಂದು ಕೇಸಿನ ಬಗ್ಗೆ ಮಾತಾಡಿದಾಗ ನೀವ್ಯಾರೂ ಎದ್ದು ಹೋಗಲಿಲ್ಲ, ಸಮಾಧಾನದ ಮಾತು ಹೇಳಿ ಬಾಯಿ ಮುಚ್ಚಿಸಲೂ ಇಲ್ಲ. ನನ್ನ ದೊಡ್ಡ ಋಣ ಅದಕ್ಕೆ. ಭಿವಂಡಿಯ ಅಣ್ಣಾ, ನೀವು ಬಂದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿಮ್ಮವ್ವನಿಗೆ ನಮ್ಮ ಶರಣು ತಿಳಿಸಿ.

ಊಟ ಮುಗಿದ ಮೇಲೆ ಒಬ್ಬ ಹೊಸ ಪಿಎಸ್‌ಐ ಅಪ್ಪನಿಂದ ಕೇಸ್ ನಂಬರು ಬರೆದುಕೊಂಡರು. ಜಪ್ತಿ ಮಾಡಿದ ವಸ್ತು ಇಡುವ ಮುದ್ದೇಮಾಲು ಖೋಲಿಯಲ್ಲಿ ಆ ಕೇಸಿನ ರಕ್ತದ ಟವೆಲ್ ಇನ್ನೂ ಇದ್ದರೆ ಕಲಿನಾದ ಫೊರೆನ್ಸಿಕ್ ಲ್ಯಾಬಿಗೆ ಕಳಿಸುವ ಬಗ್ಗೆ ಮೇಲಿನವರನ್ನು ಕೇಳುತ್ತಾರಂತೆ. ಹುಡುಗನ ಮನೆಗೆ ಈಗಲೇ ಆಸೆ ಹಚ್ಚಬೇಡ ಅಂತ ಅಪ್ಪ ಅವರಿಗೆ ಕಟ್ಟುನಿಟ್ಟಾಗಿ ಹೇಳಿದರು. ಆ ಸಾಹೇಬರಿಗೂ ಧನ್ಯವಾದ, ಕೇಳಿದ್ದಕ್ಕೇ.

ಇನ್ನು ಉಪ್ಪಿಟ್ಟು-ಶಿರಾ ಕೊಟ್ಟು ದುಡ್ಡು ಬೇಡವೆಂದು ಜಗಳಾಡಿದ ಹೋಟೆಲ್ ಶೆಟ್ಟರಿಗೆ, ಪ್ರೊಜೆಕ್ಟರ್ ಕೊಟ್ಟವರಿಗೆ, ಹೊತ್ತು ಮೀರಿದರೂ ಬೀಗದ ಕೈ ಅಲ್ಲಾಡಿಸದ ವಾಚ್‌ಮನ್ ಕಾಕಾಗೆ ನಮಸ್ಕಾರ. ಯಾರದೋ ಸ್ಟೀಲ್ ಡಬ್ಬಿ, ಎರಡು ಛತ್ರಿ, ಮಗುವಿನ ಒಂದು ಚಪ್ಪಲಿ ನಮ್ಮ ಮನೆಯಲ್ಲಿವೆ. ಯಾವಾಗ ಬೇಕಾದರೂ ಬಂದು ಒಯ್ಯಿರಿ. ಅಪ್ಪನಿಗೆ ಈಗ ನೈಟ್ ಡ್ಯೂಟಿ ಇಲ್ಲ.