ಒಂದೇ ಗೋಡೆಯ ಮೇಲೆ ಮೂರು ಬಾರಿ ಪೇತ್ರ

ಪ್ರಿಯ ಗೆಳೆಯ,

ಚಿತ್ರಕಾರ ಮಸಾಚ್ಚೊನ ‘ಟ್ರಿಬ್ಯೂಟ್ ಮನಿ’ (ತೆರಿಗೆಯ ಹಣ) ಚಿತ್ರದಲ್ಲಿ ಒಬ್ಬನೇ ಮುದುಕ ಮೂರು ಕಡೆ ಏಕೆ ಕಾಣಿಸುತ್ತಾನೆ ಎಂದು ನೀನು ಕೇಳಿದ್ದೆ. ಅವನು ಯೇಸುವಿನ ಶಿಷ್ಯ ಪೇತ್ರ. ಇಟಲಿಯ ಫ್ಲಾರೆನ್ಸ್‌ನ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನೊಳಗಿನ ಚಿಕ್ಕ ಪ್ರಾರ್ಥನಾ ಕೋಣೆಯಾದ ಬ್ರಾಂಕಾಚ್ಚಿ ಚಾಪೆಲ್‌ನ ಗೋಡೆಗಳ ಮೇಲೆ ಬಹುಪಾಲು ಅವನ ಕಥೆಗಳೇ ಇವೆ. 1425ರ ಆಸುಪಾಸಿನ ಈ ಭಿತ್ತಿಚಿತ್ರ ಅವುಗಳಲ್ಲೊಂದು.

ಕಥೆಯ ಮೂಲ ಬೈಬಲಿನ ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯದ ಕೊನೆಯ ನಾಲ್ಕು ವಚನಗಳು. ಕಪೆರ್ನೌಮ್ ಎಂಬ ಊರಿನಲ್ಲಿ ದೇವಾಲಯದ ತೆರಿಗೆ ಎತ್ತುವವರು ಪೇತ್ರನ ಬಳಿಗೆ ಬಂದು, ನಿಮ್ಮ ಗುರು ತೆರಿಗೆ ಕೊಡುವುದಿಲ್ಲವೇ ಎಂದು ಕೇಳುತ್ತಾರೆ. ಮನೆಯೊಳಗೆ ಯೇಸು ಅವನಿಗೆ, ಸಮುದ್ರಕ್ಕೆ ಹೋಗಿ ಗಾಳ ಹಾಕು, ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯವಿರುತ್ತದೆ, ಅದನ್ನು ನಮ್ಮಿಬ್ಬರ ಪರವಾಗಿ ಕೊಡು ಎನ್ನುತ್ತಾನೆ. ಮತ್ತಾಯ ಅಲ್ಲಿಗೇ ನಿಲ್ಲಿಸುತ್ತಾನೆ. ಮೀನು ಸಿಕ್ಕಿತೆಂದಾಗಲಿ, ತೆರಿಗೆ ಸಂದಿತೆಂದಾಗಲಿ ಬರೆಯುವುದಿಲ್ಲ. ತಾನೇ ಸುಂಕದ ಕಟ್ಟೆಯಿಂದ ಎದ್ದು ಬಂದ ಶಿಷ್ಯನ ಹೆಸರಿನ ಸುವಾರ್ತೆಯಲ್ಲಿ ಮಾತ್ರ ಈ ಪ್ರಸಂಗವಿರುವುದೂ ಸ್ವಾರಸ್ಯಕರ.

ಮಸಾಚ್ಚೊ ಈ ನಾಲ್ಕು ವಚನಗಳನ್ನು ಧೈರ್ಯವಾಗಿ ತಿದ್ದಿದ್ದಾನೆ. ಮನೆಯೊಳಗಿನ ಮಾತನ್ನು ಬಯಲಿಗೆ ತಂದು, ಯೇಸುವಿನ ಸುತ್ತ ಶಿಷ್ಯರನ್ನೆಲ್ಲ ನಿಲ್ಲಿಸಿ, ಸುಂಕದವನನ್ನು ನಮಗೆ ಬೆನ್ನು ತೋರುವಂತೆ ಅವರ ಮುಂದಿರಿಸಿದ್ದಾನೆ. ಶಿಷ್ಯರು ಹಳೆಯ ಕಾಲದ ನೀಳ ಮೇಲುವಸ್ತ್ರ ಹೊದ್ದಿದ್ದಾರೆ. ಸುಂಕದವನದು ಮೊಣಕಾಲಿಗಿಂತ ಮೇಲಿನ ಗಿಡ್ಡ ಅಂಗಿ, ತಲೆಯ ಹಿಂದೆ ಪ್ರಭಾವಲಯವೂ ಇಲ್ಲ. ಆ ಗುಂಪಿಗೆ ಅವನು ಸೇರಿದವನಲ್ಲವೆಂದು ತಿಳಿಯಲು ಬೇರೆ ಗುರುತು ಬೇಡ. ಯೇಸು ಎಡಕ್ಕೆ ಕೈ ತೋರುತ್ತಾನೆ. ಪಕ್ಕದಲ್ಲೇ ಪೇತ್ರನ ಕೈಯೂ ಅದೇ ದಿಕ್ಕಿಗೆ ಚಾಚಿದೆ. ಅವನು ಆಜ್ಞೆಯನ್ನು ಒಪ್ಪಿಕೊಂಡಿದ್ದಾನೋ, ‘ಅಲ್ಲಿಗೇ?’ ಎಂದು ಅಪನಂಬಿಕೆಯಿಂದ ಕೇಳುತ್ತಿದ್ದಾನೋ ಹೇಳುವುದು ಕಷ್ಟ. ಆ ಗಂಟಿಕ್ಕಿದ ಹುಬ್ಬು ನೋಡಿದರೆ ಎರಡನೆಯದೇ ಸರಿ ಎನಿಸುತ್ತದೆ.

ಒಂದೇ ಚಿತ್ರದಲ್ಲಿ ಕಥೆಯ ಮೂರು ಕ್ಷಣಗಳಿರುವುದರಿಂದಲೇ ಪೇತ್ರ ಮೂರು ಬಾರಿ ಬರುತ್ತಾನೆ. ಕಥೆ ನಡುವಿನ ಈ ಗುಂಪಿನಿಂದ ಎಡಕ್ಕೆ ಹೋಗಿ, ಅಲ್ಲಿಂದ ಬಲ ತುದಿಗೆ ಜಿಗಿಯುತ್ತದೆ. ಎಡಗಡೆ, ದೂರದ ನೀರಿನಂಚಿನಲ್ಲಿ, ಮೇಲುವಸ್ತ್ರ ಕಳಚಿಟ್ಟ ಪೇತ್ರ ಕುಕ್ಕರುಗಾಲಿನಲ್ಲಿ ಬಾಗಿ ಮೀನಿನ ಬಾಯಿ ಬಿಡಿಸುತ್ತಿದ್ದಾನೆ. ಬೇರೊಬ್ಬ ಚಿತ್ರಕಾರನಾಗಿದ್ದರೆ ಪವಾಡವನ್ನೇ ನಟ್ಟನಡುವೆ ಇಡುತ್ತಿದ್ದನೇನೋ. ಇಲ್ಲಿ ಅದು ಬಹಳ ಚಿಕ್ಕದಾಗಿ, ಹೊಟ್ಟೆಪಾಡಿನ ಕೆಲಸದಂತೆ ಮೂಲೆಗೆ ಸರಿದಿದೆ. ಬಲಗಡೆಯಲ್ಲಿ ಪೇತ್ರ ಸುಂಕದವನ ಅಂಗೈಗೆ ನಾಣ್ಯ ಒತ್ತುವ ದೃಶ್ಯವಾದರೋ ಮುಂಭಾಗದಲ್ಲಿ, ಎತ್ತರದ ಕಟ್ಟಡದ ಕಂಬಗಳ ಪಕ್ಕದಲ್ಲಿದೆ. ಪವಾಡಕ್ಕಿಂತ ಹಣ ಸಂದಾಯವಾದದ್ದೇ ಚಿತ್ರಕಾರನಿಗೆ ಮುಖ್ಯವಾಗಿತ್ತೆಂದು ನಾನು ಓದಿಕೊಳ್ಳುತ್ತೇನೆ.

1427ರಲ್ಲಿ ಫ್ಲಾರೆನ್ಸ್ ‘ಕತಾಸ್ತೊ’ ಎಂಬ ಹೊಸ ತೆರಿಗೆ ಜಾರಿಗೆ ತಂದಿತು; ಚಿತ್ರ ಅದರ ಸಮರ್ಥನೆ ಎನ್ನುವ ವಿದ್ವಾಂಸರಿದ್ದಾರೆ. ವಾದ ಆಕರ್ಷಕವಾಗಿದೆ, ಆದರೆ ಚಿತ್ರದ ಕೆಲಸ ಅದಕ್ಕಿಂತ ಮೊದಲೇ ಆರಂಭವಾಗಿರುವ ಸಂಭವ ಹೆಚ್ಚಾದ್ದರಿಂದ ನಾನದನ್ನು ಪೂರ್ತಿ ನೆಚ್ಚಲಾರೆ. ಪೇತ್ರನ ಬದುಕನ್ನೇ ಹೇಳುವ ಕೋಣೆಯಲ್ಲಿ ಈ ಪ್ರಸಂಗಕ್ಕೆ ಜಾಗ ಸಿಗಲು ಪೇತ್ರನೇ ಸಾಕಿತ್ತು.

ನಿನ್ನ ಗೆಳೆಯ